ರಾಮಾನುಜನ್ ಓದಿದ ಕಡದ ಪುಸ್ತಕ: ಓದು ಮತ್ತು ಆತ್ಮವಿಶ್ವಾಸ ಕುರಿತು ಒಂದು ಟಿಪ್ಪಣಿ

ಒಂದು ಪುಸ್ತಕದಿಂದ ಬದುಕಿನ ದಿಕ್ಕೇ ಬದಲಾಯಿತು ಎಂಬುದಕ್ಕೆ ಉದಾಹರಣೆ ಕೇಳಿದರೆ ಗಣಿತ ಬಲ್ಲವರು ಮೊದಲು ಹೇಳುವ ಹೆಸರು ಶ್ರೀನಿವಾಸ ರಾಮಾನುಜನ್ (1887–1920). ಕಥೆ ಬಹುಮಂದಿಗೆ ಗೊತ್ತಿದೆ. 1903ರಲ್ಲಿ ಗೆಳೆಯನೊಬ್ಬ ಕುಂಭಕೋಣದ ಸರ್ಕಾರಿ ಕಾಲೇಜಿನ ಗ್ರಂಥಾಲಯದಿಂದ ಜಾರ್ಜ್ ಶೂಬ್ರಿಡ್ಜ್ ಕಾರ್ ಎಂಬವರ ಗಣಿತ ಸಂಗ್ರಹವನ್ನು ಕಡ ತಂದುಕೊಟ್ಟ. ಅದನ್ನು ಓದಿದ ಹೈಸ್ಕೂಲು ಹುಡುಗನ ಪ್ರತಿಭೆ ಎಚ್ಚೆತ್ತಿತು. ಹನ್ನೊಂದು ವರ್ಷ ಕಳೆಯುವಷ್ಟರಲ್ಲಿ ಆತ ಕೇಂಬ್ರಿಜ್‌ನಲ್ಲಿದ್ದ. ಈ ಕಥೆಯನ್ನು ಅಲ್ಲಗಳೆಯುವುದು ನನ್ನ ಉದ್ದೇಶವಲ್ಲ. ನಡುವಿನ ಹನ್ನೊಂದು ವರ್ಷವನ್ನು ಕಥೆ ಒಂದೇ ನೆಗೆತಕ್ಕೆ ದಾಟಿಬಿಡುತ್ತದೆ ಎಂಬುದಷ್ಟೇ ತಕರಾರು. ಓದು ಆ ಹುಡುಗನಿಗೆ ಯಾವ ಬಗೆಯ ಧೈರ್ಯ ಕೊಟ್ಟಿತು, ಆ ಧೈರ್ಯ ಎಲ್ಲಿಯವರೆಗೆ ಕೈಹಿಡಿಯಿತು, ಎಲ್ಲಿ ಸಾಲದೆ ಹೋಯಿತು ಎಂಬುದು ಆ ವರ್ಷಗಳಲ್ಲಿಯೇ ಕಾಣಬೇಕು.

ಮೊದಲು ಆಧಾರದ ಮಾತು. 1903ರ ಪ್ರಸಂಗಕ್ಕೆ ನಾವು ನೆಚ್ಚಬೇಕಾದದ್ದು 1927ರಲ್ಲಿ ಪ್ರಕಟವಾದ ರಾಮಾನುಜನ್ ಅವರ ಲೇಖನ ಸಂಪುಟದ ಆರಂಭದಲ್ಲಿರುವ ಜೀವನ ವೃತ್ತಾಂತವನ್ನು. ಬರೆದವರು ಪಿ. ವಿ. ಶೇಷು ಅಯ್ಯರ್ ಮತ್ತು ಆರ್. ರಾಮಚಂದ್ರ ರಾವ್. ಮೊದಲನೆಯವರು ಕುಂಭಕೋಣದ ಕಾಲೇಜಿನಲ್ಲಿ ಗಣಿತ ಕಲಿಸಿದವರು, ಎರಡನೆಯವರು ನೆಲ್ಲೂರಿನ ಕಲೆಕ್ಟರಾಗಿದ್ದಾಗ ರಾಮಾನುಜನ್ ಅವರಿಗೆ ಹಣ ಕೊಟ್ಟು ಸಾಕಿದವರು. ಇಬ್ಬರೂ ಹತ್ತಿರದಿಂದ ಬಲ್ಲವರು, ಆದ್ದರಿಂದ ಮಾತಿಗೆ ತೂಕವಿದೆ. ಆದರೆ ಅವರು ಬರೆದದ್ದು ಕಥೆಯ ಕೊನೆ ಗೊತ್ತಾದ ಮೇಲೆ, ರಾಯಲ್ ಸೊಸೈಟಿಯ ಫೆಲೋ ಆಗಿ ತೀರಿಕೊಂಡ ಮನುಷ್ಯನ ಬಗ್ಗೆ. ಪುಸ್ತಕ ಕೈಗೆ ಬಂದ ದಿನ ಮಹತ್ವದ ದಿನವೆಂದು ಅವರಿಗೆ ತೋರಿದ್ದು ಹಿಂದಿರುಗಿ ನೋಡಿದಾಗ. ಆ ದಿನ ಕುಂಭಕೋಣದಲ್ಲಿ ಅದನ್ನು ಯಾರೂ ಹಾಗೆ ಕಂಡಿರಲಾರರು.

ಎರಡನೆಯ ಆಧಾರ ಕೇಂಬ್ರಿಜ್‌ನ ಗಣಿತಜ್ಞ ಜಿ. ಎಚ್. ಹಾರ್ಡಿ ಅವರ ಉಪನ್ಯಾಸಗಳು. 1940ರಲ್ಲಿ ಪುಸ್ತಕವಾಗಿ ಬಂದವು. ಅಲ್ಲಿ ಹಾರ್ಡಿ ಒಂದು ವಿಷಯವನ್ನು ಮುಚ್ಚುಮರೆಯಿಲ್ಲದೆ ಹೇಳಿಕೊಂಡಿದ್ದಾರೆ. ವರ್ಷಗಟ್ಟಲೆ ದಿನವೂ ಎಂಬಂತೆ ರಾಮಾನುಜನ್ ಅವರನ್ನು ಕಾಣುತ್ತಿದ್ದರೂ, ನೀವು ಯಾವ ಯಾವ ಪುಸ್ತಕ ಓದಿದ್ದೀರಿ ಎಂದು ಅವರು ಕೇಳಲಿಲ್ಲ. ಎಲಿಪ್ಟಿಕ್ ಫಂಕ್ಷನ್‌ಗಳ ಬಗ್ಗೆ ಕೇಲಿ ಅಥವಾ ಗ್ರೀನ್‌ಹಿಲ್ ಬರೆದ ಪುಸ್ತಕ ನೋಡಿದ್ದಿರಾ ಎಂದು ಸಹ ವಿಚಾರಿಸಲಿಲ್ಲ. ದಿನಕ್ಕೆ ಐದಾರು ಹೊಸ ಪ್ರಮೇಯಗಳನ್ನು ಮುಂದಿಡುವವನನ್ನು ಹಿಡಿದು ಹಳೆಯದೊಂದು ನಿನಗೆ ಹೇಗೆ ಸಿಕ್ಕಿತು ಎಂದು ಪೀಡಿಸುವುದು ಹಾರ್ಡಿಗೆ ಹಾಸ್ಯಾಸ್ಪದವಾಗಿ ಕಂಡಿತಂತೆ. ಗಣಿತಜ್ಞರಾಗಿ ಅವರು ಮಾಡಿದ್ದು ಸರಿ. ಓದಿನ ಚರಿತ್ರೆ ಬರೆಯುವವನಿಗೆ ಮಾತ್ರ ಅದು ತುಂಬಲಾರದ ನಷ್ಟ.

ಕಾರ್ ದೊಡ್ಡ ಗಣಿತಜ್ಞರಲ್ಲ. ಲಂಡನ್ನಿನಲ್ಲಿ ಹುಡುಗರನ್ನು ಪರೀಕ್ಷೆಗೆ ತಯಾರು ಮಾಡುತ್ತಿದ್ದ ಖಾಸಗಿ ಪಾಠದ ಮೇಷ್ಟರು. ನಲವತ್ತರ ಹತ್ತಿರಕ್ಕೆ ಬಂದಾಗ ತಾವೇ ಕೇಂಬ್ರಿಜ್‌ನಲ್ಲಿ ವಿದ್ಯಾರ್ಥಿಯಾಗಿ ಸೇರಿ, 1880ರ ಟ್ರೈಪಾಸ್ ಪರೀಕ್ಷೆಯ ಎರಡನೆಯ ದರ್ಜೆಯಲ್ಲಿ ಹನ್ನೆರಡನೆಯವರಾಗಿ ತೇರ್ಗಡೆಯಾದರು. ಪಾಠ ಹೇಳುತ್ತ ಕೂಡಿಸಿಕೊಂಡ ಟಿಪ್ಪಣಿಗಳೇ ಅವರ ಪುಸ್ತಕ; ಎರಡು ಭಾಗಗಳಾಗಿ 1880 ಮತ್ತು 1886ರಲ್ಲಿ ಬಂತು. ಬೀಜಗಣಿತ, ತ್ರಿಕೋನಮಿತಿ, ಕಲನ, ರೇಖಾಗಣಿತ ಎಂದು ವಿಂಗಡಿಸಿ ಸೂತ್ರಗಳನ್ನು ಸಾಲಾಗಿ ಜೋಡಿಸಿದ್ದಾರೆ. ಕ್ರಮಸಂಖ್ಯೆ 6,000 ದಾಟುತ್ತದೆ. ಸಾಧನೆ ಎಂಬುದು ಹೆಚ್ಚಿನ ಕಡೆ ಬರಿಯ ಸುಳಿವು: ಇಂಥ ಸಂಖ್ಯೆಯ ಸೂತ್ರವನ್ನು ಇದಕ್ಕೆ ಹಚ್ಚಿರಿ, ಅಷ್ಟೆ. ನಮ್ಮ ಕಡೆಯ ಮಾತಿನಲ್ಲಿ ಹೇಳುವುದಾದರೆ ಅದೊಂದು ಗೈಡು. ಹಾರ್ಡಿ ಅದನ್ನು ಶ್ರೇಷ್ಠ ಗ್ರಂಥವೆಂದು ಒಪ್ಪಲಿಲ್ಲ. ಆದರೆ ಮೂರನೆಯ ದರ್ಜೆಯ ಪಠ್ಯವೆಂದು ತಳ್ಳಿಹಾಕಲೂ ಇಲ್ಲ. ಬರೆದವರಿಗೆ ವಿಷಯದಲ್ಲಿ ನಿಜವಾದ ಆಸ್ಥೆಯಿತ್ತು, ಪುಸ್ತಕಕ್ಕೆ ತನ್ನದೇ ಆದ ಚಹರೆಯಿತ್ತು ಎಂದು ಅವರ ಅಭಿಪ್ರಾಯ.

ಇಂಥ ಪುಸ್ತಕ ಒಬ್ಬ ಹುಡುಗನಿಗೆ ಧೈರ್ಯ ತುಂಬಿದ್ದು ಹೇಗೆ? ಇದಕ್ಕೆ ಮುಂಚಿನ ಒಂದು ಓದಿನ ಜೊತೆಗಿಟ್ಟು ನೋಡಿದರೆ ಉತ್ತರದ ದಾರಿ ಕಾಣುತ್ತದೆ. ರಾಮಾನುಜನ್ ಅವರ ತಂದೆ ಸೀರೆ ಅಂಗಡಿಯಲ್ಲಿ ಗುಮಾಸ್ತರು. ಸಂಸಾರಕ್ಕೆ ನಾಲ್ಕು ಕಾಸು ಕೂಡಲೆಂದು ಮನೆಯಲ್ಲಿ ಕಾಲೇಜು ಹುಡುಗರನ್ನು ಇರಿಸಿಕೊಳ್ಳುತ್ತಿದ್ದರು. ಕಾಲೇಜಿನ ಹುಡುಗರ ಒಡನಾಟದಿಂದಲೇ ಎಸ್. ಎಲ್. ಲೋನಿ ಅವರ ತ್ರಿಕೋನಮಿತಿ ಹುಡುಗನ ಕೈಗೆ ಬಂತು, ಸುಮಾರು ಹದಿಮೂರರ ವಯಸ್ಸಿನಲ್ಲಿ ಅವರು ಅದನ್ನು ಪೂರ್ತಿ ಅರಗಿಸಿಕೊಂಡರು. ಅದೇ ಸುಮಾರಿಗೆ ತ್ರಿಕೋನಮಿತಿಯಲ್ಲಿ ತಾವೇ ಕೆಲವು ಸಂಬಂಧಗಳನ್ನು ಕಂಡುಹಿಡಿದುಕೊಂಡಿದ್ದರು. ಅವೆಲ್ಲ ಹದಿನೆಂಟನೆಯ ಶತಮಾನದಲ್ಲೇ ಆಯ್ಲರ್ ಹೇಳಿಬಿಟ್ಟಿದ್ದ ಸಂಗತಿಗಳು ಎಂದು ತಿಳಿದಾಗ ಆ ಹಾಳೆಗಳನ್ನು ಮನೆಯ ಸೂರಿನಲ್ಲಿ ಬಚ್ಚಿಟ್ಟರು ಎಂದು 1927ರ ವೃತ್ತಾಂತ ಹೇಳುತ್ತದೆ. ಓದು ಆತ್ಮವಿಶ್ವಾಸ ಬೆಳೆಸುತ್ತದೆ ಎಂದು ಸಾರಾಸಗಟಾಗಿ ಹೇಳುವವರು ಈ ಸೂರಿನ ಕಡೆಗೊಮ್ಮೆ ನೋಡಬೇಕು. ಇಲ್ಲಿ ಓದು ಮಾಡಿದ್ದು ನಾಚಿಕೆಪಡಿಸುವ ಕೆಲಸ. ತನ್ನದೆಂದುಕೊಂಡದ್ದು ಇನ್ನೊಬ್ಬರದೆಂದು ಅದು ತೋರಿಸಿಕೊಟ್ಟಿತು.

ಕಾರ್ ಅವರ ಪುಸ್ತಕದೊಂದಿಗೆ ಆ ಅಪಾಯವಿರಲಿಲ್ಲ. ಅಲ್ಲಿರುವ ಪ್ರತಿಯೊಂದು ಸೂತ್ರವೂ ಇನ್ನೊಬ್ಬರದು, ನಿಜವಾದದ್ದು ಎಂಬುದು ಮೊದಲೇ ತಿಳಿದ ವಿಷಯ. ಗೊತ್ತಿಲ್ಲದ್ದು ಅಲ್ಲಿಗೆ ಹೋಗುವ ದಾರಿ. ಹುಡುಗ ಸೂತ್ರಗಳನ್ನು ಒಂದೊಂದಾಗಿ ತಾನೇ ಸಾಧಿಸಲು ಕುಳಿತ. ನೆರವಿಗೆ ಬೇರೆ ಪುಸ್ತಕ ಇರಲಿಲ್ಲವಾಗಿ ಪ್ರತಿ ಬಿಡಿಸುವಿಕೆಯೂ ಅವನ ಪಾಲಿಗೆ ಸ್ವತಂತ್ರ ಸಂಶೋಧನೆಯಾಯಿತು ಎಂದು ಜೀವನಚರಿತ್ರೆಕಾರರು ಸರಿಯಾಗಿಯೇ ಗುರುತಿಸಿದ್ದಾರೆ. ನಾನು ಅದಕ್ಕೆ ಸೇರಿಸುವುದು ಇಷ್ಟೆ. ಗುರಿ ಖಚಿತ, ದಾರಿ ಮುಕ್ತ ಎಂಬ ಈ ಏರ್ಪಾಟಿನಲ್ಲಿ ತಪ್ಪಿದರೆ ತಪ್ಪಿದ್ದು ತಕ್ಷಣ ಗೊತ್ತಾಗುತ್ತದೆ, ಸರಿಹೋದರೆ ಯಾರ ಶಭಾಷ್‌ಗಿರಿಯೂ ಬೇಕಾಗುವುದಿಲ್ಲ. ಮೇಷ್ಟರ ಮುಖ ನೋಡದೆ ತನ್ನ ಲೆಕ್ಕವನ್ನು ತಾನೇ ತಾಳೆ ನೋಡಿಕೊಳ್ಳುವ ಅಭ್ಯಾಸ ಹೀಗೆ ಬೇರೂರುತ್ತದೆ. ಪೂರ್ತಿ ವಿವರಣೆ ಕೊಡುವ ಉತ್ತಮ ಪಠ್ಯವೊಂದು ಅದೇ ಹುಡುಗನ ಕೈಗೆ ಸಿಕ್ಕಿದ್ದರೆ ಜ್ಞಾನ ಹೆಚ್ಚುತ್ತಿತ್ತು, ಈ ಅಭ್ಯಾಸ ಇಷ್ಟು ಬಲಿಯುತ್ತಿರಲಿಲ್ಲವೇನೋ. ಮಾಯಾಚೌಕಗಳಿಂದ ಹೊರಟು, ರೇಖಾಗಣಿತಕ್ಕೆ ಬಂದು, ವೃತ್ತವನ್ನು ಚೌಕವಾಗಿಸುವ ಯತ್ನದಲ್ಲಿ ಭೂಮಧ್ಯರೇಖೆಯ ಉದ್ದವನ್ನು ಕೆಲವೇ ಅಡಿಗಳ ವ್ಯತ್ಯಾಸಕ್ಕೆ ತರುವಂಥ ಅಂದಾಜು ಕಂಡುಕೊಂಡು, ಆಮೇಲೆ ಬೀಜಗಣಿತಕ್ಕೆ ತಿರುಗಿದರು ಎಂದು ವೃತ್ತಾಂತ ಹೇಳುತ್ತದೆ. ಯಾರೂ ವಿಧಿಸದ ಪಠ್ಯಕ್ರಮ ಅದು.

ರಾಮಾನುಜನ್ ಅವರ ನೋಟ್‌ಬುಕ್‌ಗಳ ರೂಪದಲ್ಲಿ ಕಾರ್ ಅವರ ಛಾಯೆ ಸ್ಪಷ್ಟ. ಎರಡನೆಯ ನೋಟ್‌ಬುಕ್ಕಿನಲ್ಲಿ 21 ಅಧ್ಯಾಯಗಳಿವೆ. ಸಂಖ್ಯೆ ಹಾಕಿದ ಸೂತ್ರಗಳು ಒಂದರ ಕೆಳಗೊಂದು ಬರುತ್ತವೆ; ಸಾಧನೆ ಎಲ್ಲೋ ಅಪರೂಪಕ್ಕೆ. ಮೂರೂ ನೋಟ್‌ಬುಕ್ ಸೇರಿ ಮೂರು ಸಾವಿರಕ್ಕೂ ಹೆಚ್ಚು ಫಲಿತಾಂಶಗಳಿವೆ. ಅವಕ್ಕೆಲ್ಲ ಸಾಧನೆ ಒದಗಿಸುವ ಕೆಲಸ ಬ್ರೂಸ್ ಬರ್ನ್ಟ್ ಅವರ ಕೈಯಲ್ಲಿ 1985ರಿಂದ 1998ರವರೆಗೆ ಐದು ಸಂಪುಟಗಳಾಗಿ ಹೊರಬಂತು. ಹುಡುಗನಾಗಿದ್ದಾಗ ಓದಿದ ಗೈಡಿನ ಪದ್ಧತಿಯನ್ನೇ ರಾಮಾನುಜನ್ ಬರವಣಿಗೆಯ ಪದ್ಧತಿಯಾಗಿ ಎತ್ತಿಕೊಂಡರು ಎಂದು ಸಾಮಾನ್ಯವಾಗಿ ಹೇಳುತ್ತಾರೆ. ಒಪ್ಪಬಹುದಾದ ಮಾತೇ. ಆದರೂ ಇದೊಂದೇ ಕಾರಣವೆನ್ನಲು ನನಗೆ ಮನಸ್ಸಿಲ್ಲ. ಕಾಗದಕ್ಕೆ ಅವರಲ್ಲಿ ದುಡ್ಡಿರಲಿಲ್ಲ. ಲೆಕ್ಕವೆಲ್ಲ ಸ್ಲೇಟಿನ ಮೇಲೆ. ಬರೆದದ್ದನ್ನು ಮೊಣಕೈಯಿಂದ ಒರೆಸಿ ಮುಂದಿನ ಸಾಲು ಬರೆಯುತ್ತಿದ್ದರೆಂದು, ಊಟಕ್ಕೇ ಕಷ್ಟವಿರುವಾಗ ಕಾಗದಕ್ಕೆ ಎಲ್ಲಿಂದ ತರಲಿ ಎಂದು ಹೇಳುತ್ತಿದ್ದರೆಂದು ಗೆಳೆಯರ ನೆನಪುಗಳಲ್ಲಿದೆ. ಕೊನೆಯ ಉತ್ತರ ಮಾತ್ರ ನೋಟ್‌ಬುಕ್ ಸೇರುತ್ತಿತ್ತು, ನಡುವಿನ ಹೆಜ್ಜೆಗಳೆಲ್ಲ ಮೊಣಕೈಗೆ ಹೋಗುತ್ತಿದ್ದವು. ಓದಿನ ಪ್ರಭಾವ ಎಲ್ಲಿ ಮುಗಿಯುತ್ತದೆ, ಕಾಗದದ ಬೆಲೆ ಎಲ್ಲಿ ಶುರುವಾಗುತ್ತದೆ ಎಂದು ಗೆರೆ ಎಳೆಯುವುದು ಸುಲಭವಲ್ಲ. ಬಡವರ ಓದಿನ ಬಗ್ಗೆ ಬರೆಯುವಾಗ ಪುಸ್ತಕಕ್ಕೆ ಅರ್ಹತೆಗಿಂತ ಹೆಚ್ಚು ಕೀರ್ತಿ ಸಲ್ಲುವುದು ಹೀಗೆಯೇ: ಪುಸ್ತಕದ ಹೆಸರು ಉಳಿಯುತ್ತದೆ, ಸ್ಲೇಟಿನದು ಉಳಿಯುವುದಿಲ್ಲ.

ಇನ್ನು ಬದುಕಿನ ದಾರಿಯ ಪ್ರಶ್ನೆ. ಪರೀಕ್ಷೆ ಪಾಸು ಮಾಡಿಸಲೆಂದೇ ಹುಟ್ಟಿದ ಪುಸ್ತಕ ತನ್ನ ಅತ್ಯುತ್ತಮ ಓದುಗನನ್ನು ಪರೀಕ್ಷೆಗಳಲ್ಲಿ ಮುಳುಗಿಸಿತು. ಹೈಸ್ಕೂಲು ಮುಗಿಸಿ ವಿದ್ಯಾರ್ಥಿವೇತನದೊಂದಿಗೆ 1904ರಲ್ಲಿ ಕುಂಭಕೋಣದ ಸರ್ಕಾರಿ ಕಾಲೇಜು ಸೇರಿದ ರಾಮಾನುಜನ್, ಇಂಗ್ಲಿಷ್ ಪ್ರಬಂಧದಲ್ಲಿ ಸೋತು ಮೇಲಿನ ತರಗತಿಗೆ ಹೋಗಲಾಗದೆ ವೇತನ ಕಳೆದುಕೊಂಡರು. ತರಗತಿಯಲ್ಲಿ ಏನೇ ನಡೆಯುತ್ತಿರಲಿ, ಅವರ ಗಮನ ತಮ್ಮ ಸೂತ್ರಗಳ ಮೇಲೆ. 1905ರಲ್ಲಿ ಮನೆಯಲ್ಲಿ ಹೇಳದೆ ವಿಶಾಖಪಟ್ಟಣಕ್ಕೆ ಹೊರಟುಹೋದರು. 1906ರಲ್ಲಿ ಮದರಾಸಿನ ಪಚೈಯಪ್ಪ ಕಾಲೇಜು ಸೇರಿದರು, ಕಾಯಿಲೆ ಬಿದ್ದು ಊರಿಗೆ ಮರಳಿದರು. 1907ರ ಡಿಸೆಂಬರಿನಲ್ಲಿ ಖಾಸಗಿಯಾಗಿ ಎಫ್.ಎ. (ಫಸ್ಟ್ ಆರ್ಟ್ಸ್) ಪರೀಕ್ಷೆಗೆ ಕಟ್ಟಿ ನಪಾಸಾದರು. ಪದವಿ ಇಲ್ಲ, ಕೆಲಸವಿಲ್ಲ, 1909ರಲ್ಲಿ ಮದುವೆ. ಈ ಐದಾರು ವರ್ಷಗಳಲ್ಲಿ ಯಾರಾದರೂ ಕುಂಭಕೋಣಕ್ಕೆ ಬಂದು, ಆ ಪುಸ್ತಕ ಈ ಹುಡುಗನಿಗೆ ಏನು ಮಾಡಿತು ಎಂದು ಕೇಳಿದ್ದರೆ, ಹಾಳು ಮಾಡಿತು ಎಂಬ ಉತ್ತರವೇ ಬರುತ್ತಿತ್ತು. ಆ ಉತ್ತರ ತಪ್ಪೆಂದು ಹೇಳಲು ಆಗ ಯಾವ ಸಾಕ್ಷ್ಯವೂ ಇರಲಿಲ್ಲ.

ಇಲ್ಲಿ ಎರಡು ಬಗೆಯ ವಿಶ್ವಾಸವನ್ನು ಬೇರೆ ಮಾಡಿ ನೋಡಬೇಕೆಂದು ನನ್ನ ಅನಿಸಿಕೆ. ಈ ಸೂತ್ರ ಸರಿ ಎಂಬ ವಿಶ್ವಾಸ ಒಂದು. ನಾಲ್ಕು ಜನರ ನಡುವೆ ನನಗೂ ಒಂದು ಬೆಲೆಯಿದೆ ಎಂಬ ವಿಶ್ವಾಸ ಇನ್ನೊಂದು. ಮೊದಲನೆಯದು ರಾಮಾನುಜನ್ ಅವರಲ್ಲಿ ಅಚಲವಾಗಿತ್ತು, ನಪಾಸಾದ ವರ್ಷಗಳಲ್ಲೂ ಅಳ್ಳಾಡಲಿಲ್ಲ. ಎರಡನೆಯದನ್ನು ಯಾವ ಪುಸ್ತಕವೂ ಕೊಟ್ಟಿರಲಿಲ್ಲ. 1910ರ ಹೊತ್ತಿಗೆ ಅವರು ನೋಟ್‌ಬುಕ್ಕನ್ನು ಕಂಕುಳಲ್ಲಿಟ್ಟುಕೊಂಡು ಊರೂರು ತಿರುಗಿದ್ದು, ತಮ್ಮನ್ನು ಓದುವವರನ್ನು ಹುಡುಕಿಕೊಂಡು. ತಿರುಕೋಯಿಲೂರಿನಲ್ಲಿ ಡೆಪ್ಯುಟಿ ಕಲೆಕ್ಟರಾಗಿದ್ದ ವಿ. ರಾಮಸ್ವಾಮಿ ಅಯ್ಯರ್ ಭಾರತೀಯ ಗಣಿತ ಸಂಘವನ್ನು ಕಟ್ಟಿದವರು. ಕಂದಾಯ ಇಲಾಖೆಯಲ್ಲಿ ಒಂದು ಗುಮಾಸ್ತಿಕೆ ಕೊಡಿ ಎಂದು ಕೇಳಲು ಬಂದ ಯುವಕನ ನೋಟ್‌ಬುಕ್ ತಿರುವಿ ನೋಡಿದ ಅವರು, ಇಂಥವನನ್ನು ಆ ಕೆಳಗಿನ ಕುರ್ಚಿಯಲ್ಲಿ ಕೂರಿಸಿ ಪ್ರತಿಭೆಯ ಉಸಿರು ಕಟ್ಟಿಸಲಾರೆ ಎಂದು ಮದರಾಸಿಗೆ ಪತ್ರ ಕೊಟ್ಟು ಕಳಿಸಿದರು. ಅಲ್ಲಿಂದ ಶೇಷು ಅಯ್ಯರ್, ಅವರ ಮೂಲಕ ರಾಮಚಂದ್ರ ರಾವ್. ಮಾಸಿದ ಬಟ್ಟೆ, ಕ್ಷೌರವಿಲ್ಲದ ಮುಖ, ಹೊಳೆಯುವ ಕಣ್ಣು ಎಂದು ರಾವ್ ಅವರು ಮೊದಲ ಭೇಟಿಯನ್ನು ನೆನೆದಿದ್ದಾರೆ. ಬೇಕಾದುದೇನು ಎಂದು ಕೇಳಿದಾಗ ಬಂದ ಉತ್ತರ, ಬದುಕುವಷ್ಟು ಅನ್ನ, ಕೆಲಸ ಮುಂದುವರಿಸುವಷ್ಟು ಬಿಡುವು. 1912ರ ಮಾರ್ಚ್‌ನಿಂದ ಮದರಾಸು ಪೋರ್ಟ್ ಟ್ರಸ್ಟಿನ ಲೆಕ್ಕಪತ್ರ ವಿಭಾಗದಲ್ಲಿ ತಿಂಗಳಿಗೆ 30 ರೂಪಾಯಿಯ ಗುಮಾಸ್ತಿಕೆ ಸಿಕ್ಕಿತು.

ಅದೇ ವರ್ಷ ಅವರ ಕೆಲಸವನ್ನು ಲಂಡನ್ನಿನ ಪ್ರೊಫೆಸರ್ ಎಂ. ಜೆ. ಎಂ. ಹಿಲ್ ಅವರಿಗೆ ಕಳಿಸಲಾಯಿತು. ಅಪಸರಣ ಶ್ರೇಣಿಗಳ ಗುಂಡಿಗೆ ಬಿದ್ದಿದ್ದಾನೆ, ಬ್ರಾಮ್‌ವಿಚ್ ಅವರ ಅನಂತ ಶ್ರೇಣಿಗಳ ಪುಸ್ತಕ ಓದಲಿ ಎಂದು ಹಿಲ್ ಬರೆದರು. ಒಳ್ಳೆಯ ಸಲಹೆ, ಒಳ್ಳೆಯ ಪುಸ್ತಕ. ಆದರೆ ಕಳಿಸಿದ್ದನ್ನು ಓದಿ ನೋಡಿ ಎಂದವನಿಗೆ ನೀನೇ ಹೋಗಿ ಓದಿಕೋ ಎಂದಂತೆ ಆ ಉತ್ತರ ಕೇಳಿಸಿರಬೇಕು.

ಮುಂದಿನ ತಿರುವನ್ನೂ ಒಂದು ಓದೇ ತಂದಿತು. ಇದು ಕಾರ್ ಅವರ ಪುಸ್ತಕದಷ್ಟು ಪ್ರಸಿದ್ಧವಲ್ಲ, ನನ್ನ ದೃಷ್ಟಿಯಲ್ಲಿ ಅದಕ್ಕಿಂತ ಸ್ವಾರಸ್ಯದ್ದು. ಅನಂತದ ದರ್ಜೆಗಳ ಬಗ್ಗೆ ಹಾರ್ಡಿ 1910ರಲ್ಲಿ ಬರೆದ ಚಿಕ್ಕ ಪುಸ್ತಕವೊಂದು ರಾಮಾನುಜನ್ ಅವರ ಕಣ್ಣಿಗೆ ಬಿತ್ತು. ಅದರ 36ನೆಯ ಪುಟದಲ್ಲಿ, ಕೊಟ್ಟ ಸಂಖ್ಯೆಗಿಂತ ಕಡಿಮೆಯಿರುವ ಅವಿಭಾಜ್ಯ ಸಂಖ್ಯೆಗಳು ಎಷ್ಟೆಂದು ಹೇಳುವ ನಿರ್ದಿಷ್ಟ ಸೂತ್ರ ಇನ್ನೂ ಸಿಕ್ಕಿಲ್ಲ ಎಂಬ ಮಾತಿತ್ತು. 1913ರ ಜನವರಿ 16ರಂದು ರಾಮಾನುಜನ್ ಹಾರ್ಡಿಗೆ ಬರೆದ ಪತ್ರ ಇದನ್ನೇ ಹಿಡಿದು ಹೊರಡುತ್ತದೆ: ತಪ್ಪು ಗಣನೆಗೇ ಬಾರದಷ್ಟು ಹತ್ತಿರದ ಸೂತ್ರ ತಮ್ಮಲ್ಲಿದೆ. ತಾವು ವಿಶ್ವವಿದ್ಯಾಲಯದ ವಿದ್ಯಾಭ್ಯಾಸವಿಲ್ಲದ ಗುಮಾಸ್ತರೆಂದು, ರೂಢಿಯ ದಾರಿ ಬಿಟ್ಟು ತಮ್ಮದೇ ದಾರಿ ಹಿಡಿದವರೆಂದು ಅದರಲ್ಲಿ ಪರಿಚಯಿಸಿಕೊಂಡಿದ್ದಾರೆ. ಮೂವತ್ತು ರೂಪಾಯಿಯ ನೌಕರ ಟ್ರಿನಿಟಿ ಕಾಲೇಜಿನ ಫೆಲೋಗೆ, ನಿಮ್ಮ ಪುಸ್ತಕದಲ್ಲಿ ಇಲ್ಲವೆಂದದ್ದು ನನ್ನ ಬಳಿ ಇದೆ ಎನ್ನುತ್ತಾರೆ. ಕಾರ್ ಅವರ ಪುಟಗಳಲ್ಲಿ ಇದ್ದುದನ್ನೆಲ್ಲ ತಾವೇ ಸಾಧಿಸಿಕೊಂಡು ಬಂದವರಿಗೆ ಇದು ಸಹಜವಾದ ಮುಂದಿನ ಹೆಜ್ಜೆ.

ವಿಚಿತ್ರವೆಂದರೆ ಆ ಹಕ್ಕುಸಾಧನೆ ತಪ್ಪಾಗಿತ್ತು. ಅವಿಭಾಜ್ಯಗಳ ಬಗೆಗಿನ ಅವರ ಸೂತ್ರ ಅವರು ತಿಳಿದಷ್ಟು ನಿಖರವಲ್ಲ. ಅವಿಭಾಜ್ಯಗಳ ಎಣಿಕೆಗೆ ನೇರ ಸಂಬಂಧವಿರುವ ರೀಮಾನ್ ಝೀಟಾ ಫಂಕ್ಷನ್ನಿಗೆ ಮಿಶ್ರ ಸಂಖ್ಯೆಗಳಲ್ಲಿ ಸೊನ್ನೆಗಳಿವೆ ಎಂಬುದೇ ಅವರಿಗೆ ತಿಳಿದಿರಲಿಲ್ಲ. ಕಾರ್ ಅವರ ಪುಸ್ತಕದಲ್ಲಿ ಆ ಬಗೆಯ ಗಣಿತಕ್ಕೆ ಜಾಗವಿರಲಿಲ್ಲ. ಓದಿನಿಂದ ಬಂದ ಧೈರ್ಯವೂ ಓದಿನಲ್ಲಿ ಉಳಿದ ಕೊರತೆಯೂ ಆ ಪತ್ರದ ಒಂದೇ ವಾಕ್ಯದಲ್ಲಿ ಕೂಡಿವೆ. ಹಾರ್ಡಿಯನ್ನು ಹಿಡಿದು ನಿಲ್ಲಿಸಿದ್ದು ಪತ್ರದೊಂದಿಗೆ ಬಂದ ಬೇರೆ ಸೂತ್ರಗಳು. ಇವು ನಿಜವಿರಲೇಬೇಕು, ಇಂಥವನ್ನು ಸುಳ್ಳಾಗಿ ಹುಟ್ಟಿಸುವ ಕಲ್ಪನೆ ಯಾರಿಗೂ ಇರಲಾರದು ಎಂದು ಅವರು ತೀರ್ಮಾನಿಸಿದರು.

ಹಾರ್ಡಿ ಉತ್ತರಿಸಿ ಸಾಧನೆಗಳನ್ನು ಕೇಳಿದರು. ಫೆಬ್ರವರಿ 27ರಂದು ರಾಮಾನುಜನ್ ಬರೆದ ಎರಡನೆಯ ಪತ್ರ ಈ ಟಿಪ್ಪಣಿಯ ಮಟ್ಟಿಗೆ ಎಲ್ಲಕ್ಕಿಂತ ಮುಖ್ಯ ದಾಖಲೆ. 1 + 2 + 3 + … ಎಂಬ ಶ್ರೇಣಿಯ ಮೊತ್ತ −1/12 ಎಂದು ಹೇಳಿದರೆ ನೀವು ಹುಚ್ಚಾಸ್ಪತ್ರೆಯ ದಾರಿ ತೋರಿಸುತ್ತೀರಿ, ವಿಧಾನ ತಿಳಿಸಿದರೆ ಲಂಡನ್ ಪ್ರೊಫೆಸರರ ಹಾಗೆಯೇ ಆಗುತ್ತೀರಿ ಎಂದು ಹಿಂಜರಿಯುತ್ತಾರೆ. ಸೂತ್ರದ ಬಗ್ಗೆ ಎಳ್ಳಷ್ಟೂ ಅನುಮಾನವಿಲ್ಲ. ಕೇಳಿಕೊಳ್ಳುವುದು ಬೇರೆಯದನ್ನು: ತಮ್ಮಲ್ಲಿ ಏನೋ ಬೆಲೆಯುಳ್ಳದ್ದಿದೆ ಎಂದು ನಿಮ್ಮಂಥ ದೊಡ್ಡವರು ಒಪ್ಪಬೇಕು, ತಾವು ಅರೆಹೊಟ್ಟೆಯ ಮನುಷ್ಯ, ಮಿದುಳು ಉಳಿಯಬೇಕಾದರೆ ಊಟ ಬೇಕು, ಒಂದು ಒಳ್ಳೆಯ ಮಾತು ಬರೆದರೆ ಇಲ್ಲಿ ವಿದ್ಯಾರ್ಥಿವೇತನ ಸಿಕ್ಕೀತು. ಅದು ಸಿಕ್ಕಿತು ಕೂಡ. ಮದರಾಸು ವಿಶ್ವವಿದ್ಯಾಲಯ 1913ರಲ್ಲಿ ತಿಂಗಳಿಗೆ 75 ರೂಪಾಯಿಯ ಸಂಶೋಧನಾ ವೇತನ ಕೊಟ್ಟಿತು. ಮರುವರ್ಷ ಮಾರ್ಚ್ 17ರಂದು ಅವರು ಹಡಗು ಹತ್ತಿದರು. ಹತ್ತು ವರ್ಷಗಳ ಒಂಟಿ ಓದು ದೊರಕಿಸದ ಆ ಎರಡನೆಯ ವಿಶ್ವಾಸ, ಒಬ್ಬ ಓದುಗ ಸಿಕ್ಕ ಕೆಲವೇ ವಾರಗಳಲ್ಲಿ ಚಿಗುರತೊಡಗಿದ್ದನ್ನು ಈ ಪತ್ರದ ಸಾಲುಗಳಲ್ಲಿ ಕಾಣಬಹುದು. ನಿಮ್ಮಲ್ಲಿ ಒಬ್ಬ ಸ್ನೇಹಿತನನ್ನು ಕಂಡೆ ಎಂಬರ್ಥದ ಮಾತು ಅದರ ಮೊದಲಲ್ಲೇ ಇದೆ.

ಕೇಂಬ್ರಿಜ್‌ನಲ್ಲಿ ಹಾರ್ಡಿಗೆ ಎದುರಾದ ಸಂದಿಗ್ಧವೂ ಇದರದೇ ಮುಂದುವರಿಕೆ. ಈತನಿಗೆ ಆಧುನಿಕ ಗಣಿತವನ್ನು ಮೊದಲಿಂದ ಕಲಿಸಬೇಕೆ? ಬೇಸರ ತರಿಸುವ ಸಂಗತಿಗಳನ್ನು ಹೇರಿದರೆ ಅವರ ಆತ್ಮವಿಶ್ವಾಸ ಮುರಿದೀತು, ಸ್ಫೂರ್ತಿಯ ಸೆಳೆತ ತುಂಡಾದೀತು ಎಂದು ಅಂಜಿದ್ದಾಗಿ ಹಾರ್ಡಿ ಬರೆದಿದ್ದಾರೆ. ಹಾಗೆಂದು ಝೀಟಾ ಫಂಕ್ಷನ್ನಿನ ಸೊನ್ನೆಗಳ ವಿಷಯದಲ್ಲಿ ಕತ್ತಲೆಯಲ್ಲೇ ಬಿಡುವಂತೆಯೂ ಇರಲಿಲ್ಲ. ಕಲಿಸಿದರು, ಕಲಿಸಿದ್ದಕ್ಕಿಂತ ಕಲಿತದ್ದೇ ಹೆಚ್ಚು ಎಂದೂ ಸೇರಿಸಿದರು.

ರಾಮಾನುಜನ್ ತೀರಿಕೊಂಡ ಮರುವರ್ಷ ಬರೆದ ಶ್ರದ್ಧಾಂಜಲಿಯಲ್ಲಿ ಹಾರ್ಡಿ, ಅವರು ಚಿಕ್ಕಂದಿನಲ್ಲೇ ಹಿಡಿತಕ್ಕೆ ಸಿಕ್ಕಿ ಪಳಗಿದ್ದರೆ ಇನ್ನೂ ದೊಡ್ಡ ಗಣಿತಜ್ಞರಾಗುತ್ತಿದ್ದರೇನೋ, ಆದರೆ ಆಗ ರಾಮಾನುಜನ್ ಕಡಿಮೆಯಾಗಿ ಯುರೋಪಿನ ಪ್ರೊಫೆಸರ್ ಹೆಚ್ಚಾಗುತ್ತಿದ್ದರು, ಲಾಭಕ್ಕಿಂತ ನಷ್ಟವೇ ದೊಡ್ಡದಾಗುತ್ತಿತ್ತೋ ಏನೋ ಎಂದಿದ್ದರು. ಕೊರತೆಯ ಓದನ್ನು ವರವಾಗಿ ಕಾಣುವ ಈ ಮಾತು ಇಂದಿಗೂ ಬೇರೆ ಬೇರೆ ವೇಷದಲ್ಲಿ ಓಡಾಡುತ್ತಿದೆ. ಅದೇ ಹಾರ್ಡಿ ನಂತರದ ಉಪನ್ಯಾಸದಲ್ಲಿ ಅದನ್ನು ಹಿಂತೆಗೆದುಕೊಂಡರು ಎಂಬುದು ಅಷ್ಟಾಗಿ ಓಡಾಡುವುದಿಲ್ಲ. ತಾವು ಬರೆದದ್ದು ನಗೆಪಾಟಲಿನ ಭಾವುಕತೆ, ಕುಂಭಕೋಣದ ಕಾಲೇಜು ತನಗೆ ದಕ್ಕಿದ ಏಕೈಕ ದೊಡ್ಡ ಮನುಷ್ಯನನ್ನು ತಿರಸ್ಕರಿಸಿದ್ದರಿಂದ ಯಾರಿಗೂ ಯಾವ ಲಾಭವೂ ಆಗಲಿಲ್ಲ, ನಷ್ಟ ಮಾತ್ರ ಸರಿಪಡಿಸಲಾಗದ್ದು ಎಂದು ಅವರು ಸ್ಪಷ್ಟವಾಗಿ ಹೇಳಿದರು. ಗಣಿತಜ್ಞನಿಗೆ ಹದಿನೆಂಟರಿಂದ ಇಪ್ಪತ್ತೈದರವರೆಗಿನ ವರ್ಷಗಳೇ ನಿರ್ಣಾಯಕ ಎಂಬುದು ಅವರ ವಾದ. ರಾಮಾನುಜನ್ ಆ ವರ್ಷಗಳನ್ನು ಕಳೆದದ್ದು ಆ ಒಂದು ಗೈಡು ಮತ್ತು ಕೈಗೆ ಸಿಕ್ಕಷ್ಟು ಪುಸ್ತಕಗಳ ಜೊತೆಗೆ. ಕಾರ್ ಅವರ ಪುಸ್ತಕವನ್ನು ಹೊಗಳುವಾಗ ನಾವು ಹಾರ್ಡಿಯ ಮೊದಲ ಅಭಿಪ್ರಾಯವನ್ನಲ್ಲ, ಎರಡನೆಯದನ್ನು ಎದುರಿಗಿಟ್ಟುಕೊಳ್ಳುವುದು ಲೇಸು. ಯಾಕೆಂದರೆ ಆ ಪುಸ್ತಕದ ಕೀರ್ತಿಯ ಒಂದು ಪಾಲು, ಅದರ ಪಕ್ಕದಲ್ಲಿ ಇರಬೇಕಾಗಿದ್ದ ಬೇರೆ ಪುಸ್ತಕಗಳೂ ಮೇಷ್ಟರೂ ಇಲ್ಲದ್ದರಿಂದ ಬಂದದ್ದು.